ನಾನು ಉಜ್ಜಿ ಸವೆಸಿದ ಬಿಲ್ಲೆ

ನಮ್ಮ ಮೊಮ್ಮಗ ಮನೋಜ ಸಿಪಾಯಿ ಆದ. ಅವನ ಟೋಪಿಗೆ ಬಿಲ್ಲೆ ಸಿಕ್ಕಿಸಿದರು. ಅದೂ ಎಂಥ ಬಿಲ್ಲೆ ಅಂತೀರಿ, ನಮ್ಮ ಮಾವನವರು, ಅಂದರೆ ಅವನ ಮುತ್ತಾತ, ಯಾವ ಪಲ್ಟನ್ನಿನಲ್ಲಿದ್ದರೋ ಆ ಪಲ್ಟನ್ನು ಆಮೇಲೆ ಸೇರಿಹೋದ ರೆಜಿಮೆಂಟಿನದೇ. ಮೊನ್ನೆ ಸೋಮವಾರ ಮಧ್ಯಾಹ್ನ ರಜೆಯ ಮೇಲೆ ಮನೆಗೂ ಬಂದ. ಈ ಸುದ್ದಿಯನ್ನು ಬಿಳಿಕೆರೆಯಲ್ಲಿ ಬಸ್ಸಿಗೆ ನಿಂತವರಿಗೆಲ್ಲ ಹೇಳಿ ಆಯಿತು, ಹಾಲಿನ ಡೇರಿಯಲ್ಲಿ ಹೇಳಿ ಆಯಿತು, ಸೊಪ್ಪು ಮಾರುವವಳಿಗೆ ಎರಡು ಸಲ ಹೇಳಿ ಆಯಿತು. ನಿಮಗೊಬ್ಬರಿಗೆ ಹೇಳುವುದು ಉಳಿದಿತ್ತು, ಅದಕ್ಕೇ ಬರೆಯಲು ಕೂತಿದ್ದೇನೆ.

ಕೂತಿದ್ದೇನೆ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಎರಡು ಸಾಲು ಬರೆದರೆ ಏಳಬೇಕು ಅನ್ನಿಸುತ್ತದೆ. ಎದ್ದು ಹೋಗಿ ಅವನ ಟೋಪಿ ಗೂಟದಲ್ಲಿ ಇದೆಯೋ ಇಲ್ಲವೋ ನೋಡುತ್ತೇನೆ. ಇರುತ್ತದೆ. ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ. ಚುಂಚನಕಟ್ಟೆ ಹತ್ತಿರ ನನ್ನ ತವರಿನ ಶಾಲೆಯಲ್ಲಿ ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಗಲೇ ಮೇಷ್ಟ್ರು, "ಈ ಹುಡುಗಿ ಕಾಲಲ್ಲಿ ಇರುವೆ ಗೂಡದೆ" ಅನ್ನುತ್ತಿದ್ದರು. ಎಪ್ಪತ್ತು ದಾಟಿದರೂ ಆ ಇರುವೆಗಳು ಬೇರೆ ಊರಿಗೆ ಹೋಗಿಲ್ಲ. ಕಳೆದ ಶುಕ್ರವಾರದಿಂದ ಸೋಮವಾರದವರೆಗಂತೂ ಅವು ನನ್ನನ್ನು ಒಂದು ಕಡೆ ನಿಲ್ಲಲು ಬಿಡಲಿಲ್ಲ.

ಶುಕ್ರವಾರ ಅಂದರೆ ನಮ್ಮ ಮನೆಯಲ್ಲಿ ದೇವರ ಸಾಮಾನು ತೊಳೆಯುವ ದಿನ. ಹಿತ್ತಲ ಕಲ್ಲಿನ ಮೇಲೆ ದೀಪದ ಕಂಬ, ಗಂಟೆ, ಆರತಿ ತಟ್ಟೆ ಎಲ್ಲ ಹರವಿಕೊಂಡು, ಹುಣಸೆಹಣ್ಣು ಕಿವುಚಿ, ಒಲೆಯ ಬೂದಿ ಬೆರೆಸಿ ಉಜ್ಜುತ್ತಿದ್ದೆ. ಕೈಯೆಲ್ಲ ಹುಳಿ. ಸೊಸೆ ಸವಿತಾ ಫೋನು ತಂದು ನನ್ನ ಕಿವಿಗೆ ಹಿಡಿದಳು.

"ಅಜ್ಜಿ, ಪರೇಡ್ ಮುಗೀತು ಕಣಜ್ಜಿ. ಬಿಲ್ಲೆ ಹಾಕಿದ್ರು. ಸೋಮವಾರ ಬತ್ತೀನಿ," ಅಂದ ಮನೋಜ.

ಪರೇಡಿಗೆ ನಮ್ಮ ಮನೆಯಿಂದ ಯಾರೂ ಹೋಗಲು ಆಗಿರಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಗೆ ಸೊಪ್ಪು ತುಂಬಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಅದರ ಮುಂದಿನಿಂದ ಕದಲುವ ಹಾಗಿಲ್ಲ. "ಅಲ್ಲಿ ಊಟ ಎಂಗದೆ ಮೊಗ" ಅಂದೆ.

"ಊಟ ಇರ್ಲಿ ಅಜ್ಜಿ. ಇನ್ನೊಂದ್ ಮಾತು. ಮುತ್ತಾತನ ಹಳೇ ಬಿಲ್ಲೆ ಐತಲ್ಲ, ಗಂಡಭೇರುಂಡದ್ದು, ಅದನ್ನ ಜೋಪಾನವಾಗಿ ಎತ್ತಿಡು. ಇಲ್ಲಿ ಪಲ್ಟನ್ ಚರಿತ್ರೆ ಸಾಮಾನೆಲ್ಲ ಜೋಡ್ಸಿಟ್ಟಿರೋ ಒಂದು ಹಾಲ್ ಐತೆ. ಅದನ್ನ ನೋಡ್ಕೊಳ್ಳೋ ಸುಬೇದಾರ್ ಸಾಹೇಬ್ರು ತೋರ್ಸು ಅಂದವ್ರೆ. ಯಾರೂ ಉಜ್ಜಬ್ಯಾಡಿ. ಅಂಗೇ ಇರ್ಲಿ."

ಸವಿತಾ ಫೋನು ತೆಗೆದುಕೊಂಡು ಒಳಗೆ ಹೋದಳು. ಆಗ ನನ್ನ ಎಡಗೈಯಲ್ಲಿ ಇದ್ದದ್ದು ಅದೇ ಬಿಲ್ಲೆ. ಬಲಗೈಯಲ್ಲಿ ಹುಣಸೆಹಣ್ಣು.

ತೊಳೆದು ಬಿಸಿಲಿಗೆ ಹಿಡಿದೆ. ಕನ್ನಡಿಯ ಹಾಗೆ ಹೊಳೆಯಿತು. ಹೊಳೆಯಿತು, ಅಷ್ಟೇ. ಹಕ್ಕಿ ಇಲ್ಲ, ತಲೆ ಇಲ್ಲ, ರೆಕ್ಕೆ ಇಲ್ಲ, ಕೆಳಗೆ ಸುತ್ತಿಕೊಂಡಿದ್ದ ಅಕ್ಷರ ಇಲ್ಲ. ದುಂಡನೆಯ ಹಿತ್ತಾಳೆ ಚೂರು, ಹಿಂದುಗಡೆ ಟೋಪಿಗೆ ಸಿಕ್ಕಿಸುವ ಎರಡು ಕುಣಿಕೆ. ಐವತ್ತು ವರ್ಷ ವಾರಕ್ಕೊಮ್ಮೆ ಅದನ್ನು ಕೈಯಲ್ಲಿ ಹಿಡಿದಿದ್ದೇನೆ, ಆದರೆ ನೋಡಿದ್ದು ಅವತ್ತೇ. ದಿನವೂ ಕೈಗೆ ಸಿಗುವ ವಸ್ತುವನ್ನು ಯಾರು ನೋಡುತ್ತಾರೆ ಹೇಳಿ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆ ದೇವರ ಗೂಡು ತೋರಿಸಿದರು. ಎರಡು ದೀಪ, ಒಂದು ಹಿತ್ತಾಳೆ ನಾಗಪ್ಪ, ಪಕ್ಕದಲ್ಲಿ ಈ ಬಿಲ್ಲೆ. ಎರಡು ತಲೆಯ ಹಕ್ಕಿ ಆಗ ಚೆನ್ನಾಗಿ ಕಾಣುತ್ತಿತ್ತು. ಯಾವ ದೇವರು ಅಂತ ಹೊಸ ಸೊಸೆ ಕೇಳುವುದು ಹೇಗೆ. ನಮ್ಮ ಕಡೆ ಇಲ್ಲದ ದೇವರು ಇವರ ಕಡೆ ಇರಬಹುದು ಅಂದುಕೊಂಡೆ. ದಿನಾ ಕುಂಕುಮ ಇಟ್ಟೆ, ಕಣಗಿಲೆ ಹೂವು ಇಟ್ಟೆ, ಬಸಿರಾದಾಗ ಗಂಡು ಮಗು ಆಗಲಿ ಅಂತ ಹರಕೆಯನ್ನೂ ಹೊತ್ತೆ. ಮೂರು ವರ್ಷ ಆದ ಮೇಲೆ ಒಂದು ದಿನ ಅತ್ತೆಯನ್ನು ಕೇಳಿದೆ.

"ಅತ್ತೆಮ್ಮ, ಈ ದೇವ್ರ ಗುಡಿ ಎಲ್ಲದೆ? ಹರಕೆ ಒಂದು ತೀರ್ಸಬೇಕಿತ್ತು."

ಅತ್ತೆ ರಾಗಿ ಕೇರುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅದ್ಯಾವ ದೇವ್ರವ್ವ. ನಿಮ್ಮಾವ ಮಾರಾಜ್ರ ಪಲ್ಟನ್ನಲ್ಲಿದ್ದಾಗ ಟೋಪಿಗೆ ಸಿಗಿಸ್ಕತಿದ್ದ ಬಿಲ್ಲೆ ಕಣವ್ವ ಅದು. ಇಲಿ ಎಳ್ಕಂಡೋದಾತು ಅಂತ ಅಲ್ಲಿಟ್ಟಿವ್ನಿ."

ಅಷ್ಟು ಹೊತ್ತಿಗೆ ನನಗೆ ಗಂಡು ಮಗು ಹುಟ್ಟಿ ಆಗಿತ್ತು. ಕೊಟ್ಟ ದೇವರಿಗೆ ಹೂವು ನಿಲ್ಲಿಸಿದರೆ ಏನಾದರೂ ಆದೀತು ಅಂತ ಭಯ. ಪೂಜೆ ಹಾಗೇ ನಡೆಯಿತು, ಉಜ್ಜುವುದೂ ನಡೆಯಿತು. ಆ ಗಂಡು ಮಗುವೇ ನಮ್ಮ ರವಿ, ಮನೋಜನ ಅಪ್ಪ.

ಮಾವನವರು ಇದನ್ನು ಕೇಳಿ ನಗಲಿಲ್ಲ. ಅವರು ನಗುವುದು ಕಮ್ಮಿ. ಬೆಳಿಗ್ಗೆ ಎದ್ದು ಕಂಬಳಿಯನ್ನು ಇಟ್ಟಿಗೆಯ ಹಾಗೆ ಮಡಿಸಿ, ಮುಖ ಕ್ಷೌರ ಮಾಡಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ದೇವರ ಗೂಡಿನ ಮುಂದೆ ನೆಟ್ಟಗೆ ನಿಂತು ಬಿಲ್ಲೆಗೆ ಒಂದು ಸೆಲ್ಯೂಟ್ ಹೊಡೆದು ಹೊಲಕ್ಕೆ ಹೋಗುವರು. ಅವರ ಎತ್ತುಗಳಿಗೂ ಪಲ್ಟನ್ ಮಾತೇ. ಸಾಲು ಮುಗಿಯುತ್ತಲೂ "ಅಬೌಟ್ ಟರ್ನ್" ಅನ್ನುವರು, ಜೋಡಿ ತಿರುಗುವುದು. "ಹಾಲ್ಟ್" ಅಂದರೆ ನಿಲ್ಲುವುದು. ಒಂದು ಸಲ ಆ ಜೋಡಿಯನ್ನು ಪಿರಿಯಾಪಟ್ಟಣದ ಕಡೆಯವರೊಬ್ಬರಿಗೆ ಮಾರಿದರು. ವಾರ ಕಳೆಯಲಿಲ್ಲ, ಆ ಮನುಷ್ಯ ಬಸ್ಸು ಹತ್ತಿ ಬಂದ.

"ಗೌಡ್ರೆ, ನಿಮ್ಮೆತ್ತು ಒಳ್ಳೇವು, ಇಲ್ಲ ಅನ್ನಕಿಲ್ಲ. ಆದ್ರೆ ಹೊರಟ್ರೆ ನಿಲ್ಲಾಕಿಲ್ಲ. ನಮ್ಮೊಲ ದಾಟಿ ಪಕ್ಕದವ್ರೊಲನೂ ಅರ್ಧ ಉತ್ತಾಕವೆ. ಹೋ ಹೋ ಅಂತ ಬಾಯಿ ಬಿದ್ದೋಯ್ತು."

ಮಾವನವರು ಅವನನ್ನು ಜಗುಲಿಯ ಮೇಲೆ ಕೂರಿಸಿ ಎರಡು ಮಾತು ಕಲಿಸಿದರು. ಅವನು ದಾರಿಯುದ್ದಕ್ಕೂ ಹಾಲ್ಟ್ ಹಾಲ್ಟ್ ಅಂತ ಬಾಯಿಪಾಠ ಮಾಡುತ್ತ ಹೋದ. ಬಿಳಿಕೆರೆಯಲ್ಲಿ ಒಬ್ಬ ಸೈಕಲ್ಲಿನವನು ತನಗೇ ಅಂದಿದ್ದು ಅಂತ ಇಳಿದು ನಿಂತನಂತೆ.

ಎಲ್ಲಿಂದ ಎಲ್ಲಿಗೋ ಹೋದೆ. ಬಿಲ್ಲೆಯ ವಿಷಯಕ್ಕೆ ಬರುತ್ತೇನೆ.

ಆ ಹಕ್ಕಿಗೆ ಎರಡು ತಲೆ ಯಾಕೆ ಅಂತ ಮಾವನವರು ಹೇಳುತ್ತಿದ್ದರು. ಒಂದು ತಲೆ ಎದುರಿಗೆ ಇರುವ ಶತ್ರುವನ್ನು ನೋಡುವುದಕ್ಕೆ, ಇನ್ನೊಂದು ಹಿಂದೆ ಬಿಟ್ಟು ಬಂದ ಊರನ್ನು ನೋಡುವುದಕ್ಕೆ. ಬೇರೆಯವರು ಬೇರೆ ಹೇಳಬಹುದು, ಇದು ಅವರ ಲೆಕ್ಕ. ಮಹಾರಾಜರ ರಾಜ್ಯ ದೇಶಕ್ಕೆ ಸೇರಿಹೋದಾಗ ಅವರ ಪಲ್ಟನ್ನೂ ದೇಶದ ಸೇನೆಯ ಒಂದು ದೊಡ್ಡ ರೆಜಿಮೆಂಟಿಗೆ ಸೇರಿತು. "ಜನ ಅವ್ರೇ, ಬಂದೂಕ ಅವೇ, ಬೂಟು ಅವೇ. ಹಣೆ ಮೇಲಿಂದು ಮಾತ್ರ ಬೇರೆ ಆಯ್ತು" ಅನ್ನುವರು. ಹಕ್ಕಿ ಹೋಗಿ ಅಡ್ಡಡ್ಡ ಎರಡು ಕತ್ತಿ, ನಡುವೆ ಗುರಾಣಿ ಬಂತು. ಹೊಸತು ಹಾಕಿಕೊಂಡ ಮೇಲೆ ತುಂಬ ದಿನ ಎಲ್ಲರೂ ಸುಮ್ಮಸುಮ್ಮನೆ ಟೋಪಿ ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ, ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗೆ.

ಈಗ ಮನೋಜನ ಟೋಪಿಯಲ್ಲಿ ಇರುವುದು ಆ ಕತ್ತಿ ಗುರಾಣಿಯೇ.

ಶುಕ್ರವಾರ ಮಧ್ಯಾಹ್ನ ಸವಿತಾ ನನಗೆ ಪೂರ್ತಿ ವಿಷಯ ಹೇಳಿದಳು. ಅವಳಿಗೆ ಮಗ ಬೇರೆಯಾಗಿ ಫೋನು ಮಾಡಿದ್ದ. ತರಬೇತಿಯಲ್ಲಿ ರೆಜಿಮೆಂಟಿನ ಚರಿತ್ರೆಯ ಪಾಠ ನಡೆಯುವಾಗ ಮನೋಜ ಎದ್ದು ನಿಂತು, ಮಹಾರಾಜರ ಕಾಲದ ಆ ಪಲ್ಟನ್ನಿನಲ್ಲಿ ನಮ್ಮ ಮುತ್ತಾತ ಇದ್ದರು, ಅವರ ಬಿಲ್ಲೆ ನಮ್ಮ ಮನೆಯಲ್ಲಿದೆ ಅಂದುಬಿಟ್ಟಿದ್ದಾನೆ. ಆವತ್ತಿನಿಂದ ಜೊತೆಯ ಹುಡುಗರು ಅವನನ್ನು ಮನೋಜ ಅನ್ನುವುದನ್ನೇ ಬಿಟ್ಟಿದ್ದಾರೆ. "ಮಹಾರಾಜ ಬಂದ ಜಾಗ ಬಿಡಿ, ಮಹಾರಾಜರು ಪಾಯಿಖಾನೆ ತೊಳೀತಾವ್ರೆ" ಅಂತ ತಮಾಷೆಯಂತೆ. ಬಿಲ್ಲೆ ತೋರಿಸಿದರೆ ಬಾಯಿ ಮುಚ್ಚುತ್ತಾರೆ, ತೋರಿಸದಿದ್ದರೆ ಬುರುಡೆ ಮಹಾರಾಜ ಅನ್ನುವ ಹೆಸರು ಹೊತ್ತುಕೊಂಡೇ ಪಲ್ಟನ್ನಿಗೆ ಹೋಗಬೇಕು. ಅಲ್ಲಿ ಇಟ್ಟ ಹೆಸರು ಪಿಂಚಣಿ ತಗೊಂಡು ಮನೆಗೆ ಬರುವವರೆಗೂ ಬಿಡುವುದಿಲ್ಲವಂತೆ.

"ಅವ್ನ ದನಿ ಸಣ್ಣಗಾಗೋಗಿತ್ತು ಅತ್ತೆ," ಅಂದಳು. "ಅಜ್ಜಿ ಕೈಲದೆ ಕಣಮ್ಮ, ಏನೂ ಆಗಕಿಲ್ಲ ಅಂದ."

ಅಜ್ಜಿಯ ಕೈಯಲ್ಲಿ ಏನಾಗಿದೆ ಅಂತ ಅವಳಿಗೂ ಹೇಳಲು ನನಗೆ ಬಾಯಿ ಬರಲಿಲ್ಲ.

ಬ್ಯಾರನ್ನಿನ ಹತ್ತಿರ ಹೋದೆ. ಯಜಮಾನರು ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದರು. ಬಿಲ್ಲೆ ತೋರಿಸಿದೆ. ಬೆಂಕಿಯ ಬೆಳಕಿಗೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ, "ದೇವ್ರ ಮಕವನ್ನೇ ತೊಳ್ದಾಕ್ಬುಟ್ಟಲ್ಲ, ಬುಡು" ಅಂದರು.

"ನೀವಾದ್ರೂ ಒಂದ್ ಮಾತು ಯೋಳ್ಬಾರ್ದಿತ್ತಾ, ಸವ್ದೋಯ್ತಾ ಅದೆ ಅಂತ."

"ನಾನು ಉಜ್ಜಿದ್ನಾ? ನಿನ್ನ ಕೈಗೆ ಸಿಕ್ಕಿದ್ದು ಉಳಿದದ್ದುಂಟಾ? ನಮ್ಮನೆ ಚಂಬು ಸವ್ದು ತೂತಲ್ಲಿ ಸೂರ್ಯ ಕಾಣ್ತಾನೆ."

"ತಮಾಷೆ ಬ್ಯಾಡಿ. ಮಾವ್ನೋರ ಫೋಟೋ ಆದ್ರೂ ತೋರ್ಸಬೌದಲ್ಲ."

ಇಬ್ಬರೂ ಮನೆಗೆ ಬಂದು ಗೋಡೆಯ ಮೇಲಿನ ಫೋಟೋ ಮುಂದೆ ನಿಂತೆವು. ಮಾವನವರು ತೀರಿಕೊಂಡಾಗ, ಯೂನಿಫಾರಮ್ಮಿನಲ್ಲಿ ತೆಗೆದಿದ್ದ ಒಂದೇ ಒಂದು ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಲು ಸ್ಟುಡಿಯೋದವನಿಗೆ ಕೊಟ್ಟಿದ್ದೆವು. ಹಳೆಯದು ಹುಳ ತಿಂದಿದೆ, ನಾನು ಚೆಂದ ಮಾಡಿಕೊಡುತ್ತೇನೆ ಅಂದ. ಮಾಡಿಯೂ ಕೊಟ್ಟ. ಟೋಪಿ ತೆಗೆದು ಕ್ರಾಪು ಬರೆದು, ಯೂನಿಫಾರಮ್ಮಿನ ಜಾಗಕ್ಕೆ ನೀಲಿ ಕೋಟು, ಕೆಂಪು ಟೈ ಹಾಕಿದ್ದ. ಆಗ ಊರೆಲ್ಲ ಬಂದು ಎಷ್ಟು ಲಕ್ಷಣವಾಗಿದೆ ಅಂದಿತ್ತು. ನಾವೂ ಹಿಗ್ಗಿದ್ದೆವು. ಈಗ ನೋಡಿದರೆ ಗೋಡೆಯ ಮೇಲೆ ಸಿಪಾಯಿ ಇಲ್ಲ, ಯಾವುದೋ ಬ್ಯಾಂಕಿನ ಮ್ಯಾನೇಜರು ನಮ್ಮನ್ನು ನೋಡುತ್ತಿದ್ದಾನೆ. ಹಳೆಯ ಸಣ್ಣ ಫೋಟೋ ಎಲ್ಲಿ ಹೋಯಿತೋ ಗೊತ್ತಿಲ್ಲ.

ನನ್ನ ಸಂಕಟ ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನೊಂದಿತ್ತು. ಆ ಬಿಲ್ಲೆ ನಿಜವಾಗಿ ನಮ್ಮ ಮನೆಯಲ್ಲಿ ಇರಬಾರದಾಗಿತ್ತು. ಹೊಸತು ಕೊಟ್ಟ ದಿನ ಹಳೆಯದನ್ನು ಎಲ್ಲರೂ ವಾಪಸ್ ಕೊಡಬೇಕು ಅಂತ ಅಪ್ಪಣೆ ಆಗಿತ್ತಂತೆ. ಮಾವನವರು ಕೊಡಲಿಲ್ಲ, ಬಚ್ಚಿಟ್ಟುಕೊಂಡು ಬಂದರು. ಹೇಗೆ ಅನ್ನುವುದನ್ನು ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗ ನನ್ನೊಬ್ಬಳಿಗೆ ಹೇಳಿ, "ನಿನ್ನ ಗಂಡಂಗೂ ಯೋಳ್ಬ್ಯಾಡ ಕಣವ್ವ, ಅವನ ಬಾಯಿ ದೊಡ್ಡದು" ಅಂತ ಮಾತು ತಗೊಂಡಿದ್ದರು. ಮೂವತ್ತು ವರ್ಷಕ್ಕೂ ಮೇಲಾಯಿತು, ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಈಗ ಆ ಸುಬೇದಾರರು, ಇದು ನಿಮ್ಮ ಮನೆಗೆ ಹೇಗೆ ಬಂತು ಅಂತ ಕೇಳಿದರೆ? ಹೇಳಿದರೆ ಮಾವನವರು ಕಳ್ಳರಾಗುತ್ತಾರೆ, ಹೇಳದಿದ್ದರೆ ಮೊಮ್ಮಗ ಸುಳ್ಳನಾಗುತ್ತಾನೆ. ಮುತ್ತಾತ ಕದ್ದ ಅಂತ ಮೊಮ್ಮಗನ ಟೋಪಿಯ ಬಿಲ್ಲೆ ಕಿತ್ತುಕೊಂಡರೆ ಏನು ಗತಿ ಅಂತಲೂ ಒಂದು ಗಳಿಗೆ ಅನ್ನಿಸಿತು. ಸರ್ಕಾರದ ಲೆಕ್ಕ ನನಗೇನು ಗೊತ್ತು.

ಶನಿವಾರ ಬೆಳಿಗ್ಗೆ, ಡಾಕ್ಟರಿಗೆ ಮಂಡಿ ತೋರಿಸುತ್ತೇನೆ ಅಂತ ಹೇಳಿ ಹುಣಸೂರಿನ ಬಸ್ಸು ಹತ್ತಿದೆ. ಹೋಗಿದ್ದು ಪಾತ್ರೆ ಅಂಗಡಿಗೆ. ಅಲ್ಲಿ ಬಾಗಿಲ ಹತ್ತಿರ ಒಬ್ಬ ಕೂತು ಮದುವೆಯ ಪಾತ್ರೆಗಳ ಮೇಲೆ ಮಿಷಿನ್ನಿನಲ್ಲಿ ಹೆಸರು ಕೊರೆಯುತ್ತಾನೆ.

"ಏನವ್ವ, ಯಾರ ಹೆಸ್ರು ಹಾಕ್ಬೇಕು? ಹೆಣ್ಣಿಂದಾ ಗಂಡಿಂದಾ?"

"ಹೆಸ್ರಲ್ಲಪ್ಪ. ಹಕ್ಕಿ."

"ನವಿಲು ಹಾಕ್ಲಾ? ಗಿಣಿನೂ ಮಾಡ್ತೀನಿ."

"ಗಂಡಭೇರುಂಡ. ಮುಂಚೆ ಇತ್ತು, ಸವ್ದೋಗದೆ. ಅದರ ಮೇಲೇ ತಿದ್ದು."

ಬಿಲ್ಲೆಯನ್ನು ತಿರುಗಿಸಿ ನೋಡಿದ. "ತಿದ್ದಾಕೆ ಏನಾದ್ರೂ ಇರ್ಬೇಕಲ್ಲವ್ವ. ಹೋಗ್ಲಿ, ಎರಡು ತಲೆ ಒಂದನ್ನೊಂದು ನೋಡ್ತವಾ, ಆ ಕಡೆ ಈ ಕಡೆ ನೋಡ್ತವಾ?"

ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಕುಂಕುಮ ಇಟ್ಟ ಹಣೆ, ಯಾವ ಕಡೆ ತಿರುಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ಮಾವನವರು ಹೇಳುತ್ತಿದ್ದ ಶತ್ರು, ಊರಿನ ಲೆಕ್ಕವೂ ಆಗ ನೆನಪಿಗೆ ಬರಲಿಲ್ಲ. ಅವನಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಸರ್ಕಾರಿ ಬಸ್ಸಿನ ಮೈ ಮೇಲೆ ಅದೇ ಹಕ್ಕಿ ಇರ್ತದೆ, ನೋಡ್ಕಂಡ್ ಬಾ ಹೋಗು" ಅಂದ.

ಬಸ್ ಸ್ಟ್ಯಾಂಡಿಗೆ ಓಡಿದೆ. ಓಡಿದೆ ಅಂದರೆ ನನ್ನ ಓಟ. ಎಚ್.ಡಿ. ಕೋಟೆಯ ಬಸ್ಸೊಂದು ನಿಂತಿತ್ತು. ಒಂದು ಪಕ್ಕದಲ್ಲಿ ಕೆಸರು ಮೆತ್ತಿ ಏನೂ ಕಾಣದು. ಸೆರಗಿನಿಂದ ಒರೆಸಲು ಹೋದೆ, ಬಸ್ಸು ಹೊರಟಿತು. ಕಂಡಕ್ಟರ್ ಶಿಳ್ಳೆ ಹೊಡೆದು ನಿಲ್ಲಿಸಿ, "ಎಲ್ಲಿಗಮ್ಮ, ಹತ್ತು ಬೇಗ" ಅಂದ.

"ಎಲ್ಲಿಗೂ ಇಲ್ಲಪ್ಪ, ಹಕ್ಕಿ ನೋಡ್ಬೇಕಿತ್ತು."

"ಹಕ್ಕಿ ನೋಡಾಕೆ ಕಾಡಿಗೋಗ್ಬೇಕು ಕಣಮ್ಮ, ಹತ್ತು, ನಾವೂ ಆ ಕಡೆನೇ ಹೋಗದು" ಅಂದ. ಬಸ್ಸಿನವರೆಲ್ಲ ನಕ್ಕರು. ಹಿಂದೆ ಬಂದ ಇನ್ನೊಂದು ಬಸ್ಸಿನ ಮೇಲೆ ಹಕ್ಕಿ ಕಂಡಿತು. ತಲೆಗಳು ಆ ಕಡೆ ಒಂದು, ಈ ಕಡೆ ಒಂದು ನೋಡುತ್ತಿದ್ದವು.

ವಾಪಸ್ ಬಂದು ಹೇಳಿದೆ. ಅವನು ಬಿಲ್ಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಮಿಷಿನ್ನು ಹಚ್ಚಿದ. ಗುಂಯ್ ಅಂತ ಮುಳ್ಳು ಹಿತ್ತಾಳೆಗೆ ತಾಕಿತು. ನನ್ನ ಹಲ್ಲಿಗೇ ತಾಕಿದ ಹಾಗಾಯಿತು. ನಾನು ಏನು ಮಾಡಿಸುತ್ತಿದ್ದೇನೆ ಅನ್ನುವುದು ಆಗ ಹೊಳೆಯಿತು. ಮಾವನವರ ಹಕ್ಕಿ ಹೋಯಿತು, ಈಗ ಬಸ್ಸಿನ ಹಕ್ಕಿಯನ್ನು ತಂದು ಇದೇ ಅದು ಅಂತ ಮೊಮ್ಮಗನ ಕೈಯಲ್ಲಿ ಕಳಿಸುವುದು. ಸ್ಟುಡಿಯೋದವನು ಕೋಟು ತೊಡಿಸಿದ ಹಾಗೆ. ಕೈ ಹಾಕಿ ಕಿತ್ತುಕೊಂಡೆ.

"ಯಾಕವ್ವ?"

"ಬ್ಯಾಡ ಕಣಪ್ಪ. ಅಂಗೇ ಇರ್ಲಿ."

ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಒಂದು ಗೀರು ಬಿದ್ದಿತ್ತು. ಸವೆದದ್ದು ಸಾಲದು ಅಂತ ಈಗ ಗಾಯವನ್ನೂ ಮಾಡಿಸಿಕೊಂಡು ಬಂದೆ. ಭಾನುವಾರ ಪೂರ್ತಿ ಹಿತ್ತಲಿಗೂ ಜಗುಲಿಗೂ ತಿರುಗಿದೆ. ಒಂದೇ ಅಂಗಳವನ್ನು ಮೂರು ಸಲ ಗುಡಿಸಿದೆ.

ಸೋಮವಾರ ಮಧ್ಯಾಹ್ನ ರವಿ ಬಿಳಿಕೆರೆಯಿಂದ ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಇಳಿದವನನ್ನು ನೋಡಿ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಭುಜದ ಮೇಲೆ ಹಿತ್ತಾಳೆಯ ಅಕ್ಷರ, ಹೆಗಲಿಗೆ ನೇಯ್ದ ಹಗ್ಗ, ಟೋಪಿಯ ಮೇಲೆ ಕತ್ತಿ ಗುರಾಣಿ. ಕತ್ತು ನೆಟ್ಟಗೆ. ಬಗ್ಗಿ ನನ್ನ ಕಾಲು ಮುಟ್ಟಿದ. ಎತ್ತಿ ತಬ್ಬಿಕೊಂಡೆ. ಆಮೇಲೆ ಅವನಿಗೆ ನೀರು ಕೊಡುವ ಮೊದಲೇ, ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ಅವನ ಕೈಗೆ ಇಟ್ಟೆ.

"ನಂದೇ ತಪ್ಪು ಕಣೋ ಮೊಗ. ನಾನೇ ಉಜ್ಜಿ ಸವ್ಸಿಬುಟ್ಟೆ. ಹುಣಸೂರಿಗೋಗಿ ಕೆತ್ತಿಸಾಕೂ ನೋಡ್ದೆ. ಆ ಗೀರು ಅದೇಯ."

ಮನೋಜ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿದ, ಹಿಂದೆ ತಿರುಗಿಸಿ ಕುಣಿಕೆ ನೋಡಿದ, ಮತ್ತೆ ಸವರಿದ. "ಇರ್ಲಿ ಬುಡಜ್ಜಿ" ಅಂದ. ಆ ಇರಲಿಯಲ್ಲಿ ಆರು ತಿಂಗಳು ಕೇಳಿದ ಗೇಲಿಯೆಲ್ಲ ಇತ್ತು. "ಐದ್ ಗಂಟೆಗೆ ಸುಬೇದಾರ್ ಸಾಹೇಬ್ರು ವೀಡಿಯೋ ಕಾಲ್ ಮಾಡ್ತೀನಿ ಅಂದವ್ರೆ. ಇದ್ದಿದ್ದ ಇದ್ದಂಗೇ ತೋರಿಸ್ತೀನಿ."

ಐದು ಗಂಟೆಗೆ ಸರಿಯಾಗಿ ಫೋನು ಬಂತು. ನಾವೆಲ್ಲ ನಡುಮನೆಯಲ್ಲಿ ಸುತ್ತ ನಿಂತಿದ್ದೆವು. ಸುಬೇದಾರರ ಹೆಸರು ಬೆಳ್ಯಪ್ಪ, ಕುಶಾಲನಗರದ ಕಡೆಯವರು. ದೊಡ್ಡ ಮೀಸೆ, ಮೆತ್ತಗಿನ ಮಾತು. ಮನೋಜ ಅಟೆನ್ಷನ್ನಿನಲ್ಲಿ ನಿಂತು ಬಿಲ್ಲೆಯನ್ನು ಫೋನಿಗೆ ಹಿಡಿದ. ಅವರು ಮುಖವನ್ನು ಫೋನಿಗೆ ಹತ್ತಿರ ತಂದು ನೋಡಿದರು.

"ಇದರಲ್ಲಿ ಏನೂ ಕಾಣ್ತಾ ಇಲ್ವಲ್ಲ ಮನೋಜ್," ಅಂದರು. "ಅಳತೆ ಸರಿ ಇರೋ ಹಾಗೆ ಉಂಟು. ಆದ್ರೆ ಇಂಥ ಹಿತ್ತಾಳೆ ಬಿಲ್ಲೆ ಯಾವುದೂ ಆಗಬಹುದು. ನಾನು ಏನಂತ ಬರೀಲಿ?"

ಮನೋಜನ ಕಿವಿ ಕೆಂಪಾಯಿತು. "ಸರ್" ಅಂದ, ಬಿಲ್ಲೆಯನ್ನು ಇನ್ನೂ ಹತ್ತಿರ ಹಿಡಿದ. ನನಗೆ ತಡೆಯಲಾಗಲಿಲ್ಲ. ಅವನ ಕೈಯಿಂದ ಫೋನು ತಗೊಂಡೆ.

"ಸ್ವಾಮಿ, ನಾನು ಅವರಜ್ಜಿ. ಹುಡುಗ ಸುಳ್ಳು ಯೋಳಿಲ್ಲ. ಉಜ್ಜಿದ್ದು ನಾನು. ದೇವ್ರ ಜೊತೆ ಇಟ್ಟಿದ್ದೆ, ದೇವ್ರ ಜೊತೆ ಉಜ್ಜಿದೆ."

"ನಮಸ್ಕಾರ ಅಜ್ಜಿ. ಸಿಟ್ಟಾಗಬೇಡಿ, ನಾನು ಅನುಮಾನ ಪಡ್ತಾ ಇಲ್ಲ. ಒಂದೇ ಪ್ರಶ್ನೆ. ಆ ಪಲ್ಟನ್‌ನವರು ಎಲ್ಲರೂ ಹಳೇ ಬಿಲ್ಲೆ ವಾಪಸ್ ಕೊಟ್ಟಿದ್ರು. ಮತ್ತೆ ಇದು ನಿಮ್ಮಲ್ಲಿಗೆ ಹೇಗೆ ಬಂತು?"

ಆ ಮಾತು ಬಂದೇ ಬಂತು. ಗೋಡೆಯ ಮೇಲೆ ನೀಲಿ ಕೋಟಿನ ಮಾವನವರು. ಪಕ್ಕದಲ್ಲಿ ಅವರ ಮಗ, ಎದುರಿಗೆ ಮೊಮ್ಮಗ, ಮರಿಮೊಮ್ಮಗ. ನಾಲ್ಕೂ ಜನದ ಕಣ್ಣು ನನ್ನ ಮೇಲೆ. ಸತ್ತವರು ಕ್ಷಮಿಸಬಹುದು, ಇರುವವನು ಇನ್ನೂ ಬಹಳ ವರ್ಷ ಆ ಟೋಪಿ ಹೊರಬೇಕು ಅಂದುಕೊಂಡೆ.

"ಕೊಡ್ನಿಲ್ಲ ಸ್ವಾಮಿ, ನಮ್ಮಾವ ಕೊಡ್ನಿಲ್ಲ," ಅಂದೆ. "ಎಲ್ರೂ ಸಾಲಾಗಿ ನಿಂತಿದ್ರಂತೆ. ಒಬ್ರು ಅಡಿಗೆ ಮನೆಯಿಂದ ಖಾಲಿ ತುಪ್ಪದ ಡಬ್ಬ ತಂದು ಮುಂದೆ ಇಟ್ರಂತೆ. ಒಬ್ಬೊಬ್ರೇ ಬಂದು ಬಿಲ್ಲೆ ಬಿಚ್ಚಿ ಅದ್ರೊಳಕೆ ಹಾಕ್ಬೇಕು. ಡಬ್ಬಕ್ಕೆ ಬಿದ್ದಾಗ ಟಣ್ ಅಂತ ಸದ್ದಾಗೋದಂತೆ, ಆ ಸದ್ದು ಕೇಳಿ ಮುಂದಿನವ್ನ ಕರೆಯೋರಂತೆ. ನಮ್ಮಾವ ಏನ್ ಮಾಡಿದ್ರು ಅಂದ್ರೆ, ಸಾಲಲ್ಲಿ ನಿಂತಿದ್ದಂಗೇ ಕೋಟಿನ ಒಂದು ಹಿತ್ತಾಳೆ ಗುಂಡಿ ಕಿತ್ಕಂಡು, ಅದನ್ನ ಡಬ್ಬಕ್ಕಾಕಿ ಟಣ್ ಅನ್ನಿಸಿದ್ರಂತೆ. ಬಿಲ್ಲೆ ಕಂಕುಳಲ್ಲಿತ್ತಂತೆ. ಕೋಟಿಗೆ ಗುಂಡಿ ಇಲ್ಲ ಅಂತ ಮಾರ್ನೇ ದಿನದಿಂದ ಏಳು ದಿವ್ಸ ಮೂಟೆ ಹೊತ್ಕಂಡು ಓಡೋ ಶಿಕ್ಷೆ ಆಯ್ತಂತೆ. ಓಡಿದ್ರಂತೆ. ಬಾಯಿ ಬಿಡ್ನಿಲ್ಲ. ಕಳ್ಳತನ ಅಂದ್ರೆ ಕಳ್ಳತನವೇಯ. ಆ ಪಾಪ ಈ ಹುಡುಗುಂಗೆ ತಟ್ಟುಸಬ್ಯಾಡಿ."

ಅವರು ಕೂತಲ್ಲಿಂದ ಅರ್ಧ ಎದ್ದರು.

"ಅಜ್ಜಿ, ಫೋನು ಇಡಬೇಡಿ. ಸ್ವಲ್ಪ ಇರಿ," ಅಂದರು ಬೆಳ್ಯಪ್ಪನವರು. ಎದ್ದು ನಡೆಯುವುದು ಕಂಡಿತು. ಗೋಡೆ ಹೋಯಿತು, ಒಂದು ಬಾವುಟ ಹೋಯಿತು, ಗಾಜಿನ ಬೀರು ಬಂತು. ಅದರೊಳಗೆ ತುಕ್ಕು ಹಿಡಿದ ಒಂದು ಚೌಕದ ಡಬ್ಬ. ಅದರ ಮುಂದೆ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಹಿತ್ತಾಳೆ ಬಿಲ್ಲೆಗಳು, ಎಲ್ಲದರ ಮೇಲೂ ಎರಡು ತಲೆಯ ಹಕ್ಕಿ, ಕೊಕ್ಕು ಸಮೇತ, ಗರಿ ಗರಿ ಸಮೇತ. ನನ್ನ ಕೈಗೆ ಸಿಗದ ಪುಣ್ಯವಂತ ಹಕ್ಕಿಗಳು. ಅವರ ಬೆರಳು ಸಾಲಿನ ಕೊನೆಗೆ ಹೋಗಿ ನಿಂತಿತು. ಅಲ್ಲೊಂದು ಗುಂಡಿ.

"ಡಬ್ಬದ ಒಳಗೇ ಸಿಕ್ಕಿದ್ದು," ಅಂದರು. "ಬಿಲ್ಲೆ ಮಧ್ಯೆ ಒಂದು ಗುಂಡಿ ಯಾಕೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನನಗಿಂತ ಮುಂಚೆ ಇದ್ದವರಿಗೂ ಗೊತ್ತಿರ್ಲಿಲ್ಲ. ನಾನು ಬಂದವರಿಗೆಲ್ಲ ಅಕಸ್ಮಾತ್ ಬಿದ್ದಿರಬೇಕು ಅಂತ ಹೇಳ್ತಾ ಇದ್ದೆ. ಇದನ್ನ ಕಣ್ಣಾರೆ ನೋಡದೇ ಯಾರೂ ನಿಮಗೆ ಹೇಳೋಕೆ ಆಗ್ತಿರ್ಲಿಲ್ಲ ಅಜ್ಜಿ. ನಿಮಗೆ ಹೇಳಿದೋರು ಅಲ್ಲಿ ನಿಂತಿದ್ದೋರೇ ಆಗಬೇಕು."

ಮನೋಜ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡುತ್ತಿದ್ದ. ಅವನ ಉಸಿರು ನನ್ನ ಕೆನ್ನೆಗೆ ತಾಕುತ್ತಿತ್ತು.

"ಆದ್ರೆ ಒಂದು ಮಾತು," ಅಂದರು ಸುಬೇದಾರರು, ಮೀಸೆಯೊಳಗೆ ನಗುತ್ತಿದ್ದರು. "ಲೆಕ್ಕದ ಪ್ರಕಾರ ಆ ಬಿಲ್ಲೆ ನಮ್ಮದು. ರಜೆ ಮುಗಿಸಿ ಬರುವಾಗ ಮನೋಜನ ಕೈಲಿ ಕಳಿಸಿ. ಸವೆದದ್ದು ಸವೆದ ಹಾಗೇ ಇಡ್ತೇವೆ. ಪಕ್ಕದಲ್ಲಿ ಈ ಕಥೆ ಬರೆದು ಇಡ್ತೇವೆ."

"ಕೊಡ್ತೀನಿ ಸ್ವಾಮಿ," ಅಂದೆ. "ಅಂಗಾದ್ರೆ ಆ ಗುಂಡಿ ನಮ್ದಲ್ವಾ? ಅದ ನಮ್ಗೆ ಕೊಡ್ಬೇಕು."

ಯಜಮಾನರು ನನ್ನ ಸೆರಗು ಜಗ್ಗಿದರು. ಸುಬೇದಾರರು ಜೋರಾಗಿ ನಕ್ಕುಬಿಟ್ಟರು. "ದೊಡ್ಡ ಸಾಹೇಬರನ್ನ ಕೇಳ್ತೇನೆ ಅಜ್ಜಿ. ನಿಮ್ಮ ಪರವಾಗೇ ಕೇಳ್ತೇನೆ. ಅಲ್ಲಿಯವರೆಗೆ ಇದನ್ನ ಯಾರೂ ಉಜ್ಜದ ಹಾಗೆ ನೋಡ್ಕೊಳ್ತೇನೆ."

ಫೋನು ಇಟ್ಟ ಮೇಲೆ ಮನೋಜ ನನ್ನನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಒಂದು ಸುತ್ತು ಸುತ್ತಿಸಿದ. ರವಿ, "ಲೇ, ಮೂಳೆ ಮುರಿದಾತು, ಇಳ್ಸು" ಅಂದ. ಯಜಮಾನರು ಮಾತ್ರ ಬ್ಯಾರನ್ನಿನ ಕಡೆ ಹೋದರು. ಆ ದಿನ ಅದರ ಬೆಂಕಿ ಆರಿಸಿದ್ದರು, ಅಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ.

ಸಂಜೆ ಸವಿತಾ ನಾಟಿ ಕೋಳಿ ಸಾರು ಮಾಡಿದಳು. ಯಾವಾಗಲೂ ಗಂಡಸರದು ಆಗಿ, ಆಮೇಲೆ ನಾವಿಬ್ಬರು ಉಣ್ಣುವುದು. ಅವತ್ತು ಮನೋಜ ತಾನೇ ಐದು ತಟ್ಟೆ ತಂದು ನಡುಮನೆಯಲ್ಲಿ ಸಾಲಾಗಿ ಇಟ್ಟ. ಮುದ್ದೆಯ ಪಾತ್ರೆಯನ್ನೂ ಸಾರಿನ ಪಾತ್ರೆಯನ್ನೂ ನಡುವೆ ತಂದು ಇಟ್ಟು, "ಬಡ್ಸದೆಲ್ಲ ಬ್ಯಾಡ, ಬೇಕಾದೋರು ಹಾಕೊಳ್ಳಿ, ಕೂತ್ಕೊಳ್ಳಿ ಎಲ್ರೂ" ಅಂದ. ಊಟದ ನಡುವೆ ಅವನ ಫೋನು ಮೂರು ನಾಲ್ಕು ಸಲ ಕುಂಯ್ ಅಂದಿತು. ನೋಡಿ ನಕ್ಕ. ಸುದ್ದಿ ಆಗಲೇ ಅವನ ಜೊತೆಯವರಿಗೆ ಮುಟ್ಟಿತ್ತಂತೆ. ಮುತ್ತಾತ ನಿಜವಾಗಿ ಹಂಗೆ ಮಾಡಿದ್ರಾ, ಬಂದ ಮೇಲೆ ಪೂರ್ತಿ ಹೇಳಬೇಕು ಅಂತ ಬರೆದಿದ್ದಾರೆ ಅಂದ. ಹೇಳುವಾಗ ಮುಖ ತಟ್ಟೆಯ ಕಡೆ ಬಗ್ಗಿಸಿಕೊಂಡ. ಹಿಗ್ಗನ್ನು ಮುಚ್ಚಿಡಲು ಸಿಪಾಯಿಗೆ ಇನ್ನೂ ಬರುವುದಿಲ್ಲ.

ಯಜಮಾನರು ಒಂದು ಮುದ್ದೆ ಮುಗಿಸುವವರೆಗೂ ತಲೆ ಎತ್ತಲಿಲ್ಲ. ನನಗೆ ಗೊತ್ತಿತ್ತು, ಅಪ್ಪ ತನಗೆ ಹೇಳದೆ ಸೊಸೆಗೆ ಹೇಳಿದ ಅನ್ನುವುದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಸಾರು ಹಾಕಲು ಹೋದೆ, ಕೈ ಅಡ್ಡ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು.

"ಎಷ್ಟು ದಿನ ಓಡ್ದ ಅಂದೆ?"

"ಏಳು ದಿವ್ಸ."

"ಮೂಟೆ ಹೊತ್ಕಂಡು?"

"ಔದಂತೆ. ಮರಳು ತುಂಬಿದ್ ಮೂಟೆ."

ಅವರು ಗೋಡೆಯ ಕಡೆ ನೋಡಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಇನ್ನೊಂದು ಮುದ್ದೆ ಇಟ್ಟು, ಮೇಲೆ ಸಾರು ಬಿಟ್ಟೆ.

"ಮೊದ್ಲಿಂದ ಯೋಳು," ಅಂದರು. "ಸಾಲಲ್ಲಿ ನಿಂತಿದ್ರಲ್ಲ, ಅಲ್ಲಿಂದ. ನಿಧಾನಕ್ಕೆ ಯೋಳು."

ಸವಿತಾ ಸೌಟು ಕೆಳಗಿಟ್ಟಳು, ಮನೋಜ ಫೋನನ್ನು ಬೋರಲು ಹಾಕಿದ. ನಾನು ಬಾಯಲ್ಲಿದ್ದ ತುತ್ತು ನುಂಗಿ, ಎಲ್ಲರೂ ಸಾಲಾಗಿ ನಿಂತ ಕಡೆಯಿಂದ ಶುರು ಮಾಡಿದೆ. ಐದೂ ಜನ ಉಣ್ಣುತ್ತಲೇ ಇದ್ದೆವು.